ಎಕ್ಸೆಲ್‌ನ ಪ್ರತಿ ಕಾಲಂಗೂ ಸದಸ್ಯತ್ವ ತಂತ್ರಾಂಶದಲ್ಲಿ ಒಂದೊಂದು ಕಸ್ಟಮ್ ಫೀಲ್ಡ್ ಮಾಡಬೇಕೇ?

ಸಂಘದ ಸದಸ್ಯರ ಪಟ್ಟಿ ಇಷ್ಟು ದಿನ ಎಕ್ಸೆಲ್‌ನಲ್ಲಿತ್ತು, ನಲವತ್ತಕ್ಕೂ ಹೆಚ್ಚು ಕಾಲಂಗಳಿವೆ, ಈಗ ಸದಸ್ಯತ್ವ ತಂತ್ರಾಂಶಕ್ಕೆ ಹೋಗುವಾಗ ಎಲ್ಲವನ್ನೂ ಹಾಗೆಯೇ ಕಸ್ಟಮ್ ಫೀಲ್ಡ್ (ತಂತ್ರಾಂಶದಲ್ಲಿ ನಾವೇ ಸೇರಿಸಿಕೊಳ್ಳುವ ಮಾಹಿತಿಯ ಜಾಗ) ಮಾಡಿಬಿಡಲೇ ಎಂದು ಕೇಳಿದ್ದೀರಿ. ತಂತ್ರಾಂಶವೇನೂ ತಡೆಯುವುದಿಲ್ಲ. ಆದರೂ ದಯವಿಟ್ಟು ಹಾಗೆ ಮಾಡಬೇಡಿ. ಸಂಘ ಸಂಸ್ಥೆಗಳ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವುದೇ ನನ್ನ ಕೆಲಸ. ಮುಂದೆ ತಲೆನೋವಾಗುವುದು ಬಹುಪಾಲು ಈ ಮೊದಲ ಹಂತದಲ್ಲೇ ಹುಟ್ಟುತ್ತದೆ.

ಮೊದಲು ತಂತ್ರಾಂಶದಲ್ಲಿ ಈಗಾಗಲೇ ಏನೇನಿದೆ ನೋಡಿ. ಉದಾಹರಣೆಗೆ ಸಂಘ ಸಂಸ್ಥೆಗಳು ಬಳಸುವ ಸಿವಿಸಿಆರ್‌ಎಂ ಎಂಬ ತಂತ್ರಾಂಶದಲ್ಲಿ ಪ್ರತಿ ಸದಸ್ಯತ್ವಕ್ಕೂ ಮೂರು ದಿನಾಂಕಗಳಿರುತ್ತವೆ: ಮೊದಲು ಸೇರಿದ ದಿನ, ಆರಂಭದ ದಿನ, ಮುಗಿಯುವ ದಿನ. ಸದಸ್ಯತ್ವ ಚಾಲ್ತಿಯಲ್ಲಿದೆಯೇ, ಅವಧಿ ಮೀರಿದೆಯೇ ಎಂಬುದನ್ನು ಆ ದಿನಾಂಕಗಳಿಂದ ತಂತ್ರಾಂಶವೇ ಲೆಕ್ಕ ಹಾಕುತ್ತದೆ. ಹೀಗಿರುವಾಗ ‘ಸೇರಿದ ವರ್ಷ’, ‘ನವೀಕರಿಸಿದ್ದಾರೆಯೇ’ ಎಂದು ನಾವು ಬೇರೆ ಫೀಲ್ಡ್ ಸೃಷ್ಟಿಸಿದರೆ ಒಂದೇ ಸಂಗತಿಗೆ ಎರಡು ಉತ್ತರ ಸಿದ್ಧವಾಗುತ್ತವೆ, ಕೆಲವೇ ತಿಂಗಳಲ್ಲಿ ಅವು ಒಂದಕ್ಕೊಂದು ತಾಳೆಯಾಗುವುದಿಲ್ಲ. ವಯಸ್ಸಿನ ಕಾಲಂ ಕೂಡ ಹೀಗೆಯೇ. ಜನ್ಮದಿನಾಂಕ ಇಡಿ, ವಯಸ್ಸನ್ನು ಬಿಡಿ.

ಇನ್ನು ಉಳಿದವು. ಪ್ರತಿಯೊಂದರ ಮುಂದೆಯೂ ‘ಈ ಮಾಹಿತಿ ಯಾವುದಕ್ಕೆ ಸೇರಿದ್ದು?’ ಎಂದು ಕೇಳಿಕೊಳ್ಳಿ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದೇ. ಎಕ್ಸೆಲ್‌ನಲ್ಲಿ ಒಬ್ಬ ಸದಸ್ಯರಿಗೆ ಒಂದು ಸಾಲು, ಅದರಲ್ಲೇ ಎಲ್ಲವೂ. ಹಾಗಾಗಿ ಅಲ್ಲಿ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ರಕ್ತದ ಗುಂಪು ವ್ಯಕ್ತಿಗೆ ಸೇರಿದ್ದು, ಅವರು ಸದಸ್ಯತ್ವ ಬಿಟ್ಟರೂ ಬದಲಾಗದು. ಯಾರ ಶಿಫಾರಸಿನ ಮೇಲೆ ಸೇರಿದರು, ಯಾವ ರಿಯಾಯಿತಿ ಸಿಕ್ಕಿತು ಎಂಬುದು ಸದಸ್ಯತ್ವಕ್ಕೆ ಸೇರಿದ್ದು. ವಾರ್ಷಿಕ ಸಭೆಗೆ ಬಂದರೇ ಎಂಬುದು ಆ ಸಭೆಗೆ ಸೇರಿದ್ದು. ಸಮಿತಿಯ ಹುದ್ದೆಯನ್ನೇ ತೆಗೆದುಕೊಳ್ಳಿ. ಅದನ್ನು ವ್ಯಕ್ತಿಯ ಮೇಲೆ ಒಂದೇ ಫೀಲ್ಡ್ ಆಗಿ ಇಟ್ಟರೆ, ಇಂದು ಖಜಾಂಚಿಯಾಗಿರುವವರು ನಾಳೆ ಕಾರ್ಯದರ್ಶಿಯಾದಾಗ ಹಳೆಯದರ ಮೇಲೆ ಹೊಸದು ಬರೆದುಹೋಗುತ್ತದೆ. ಯಾವ ಅವಧಿಯಲ್ಲಿ ಯಾರು ಖಜಾಂಚಿಯಾಗಿದ್ದರು ಎಂದು ಮುಂದೊಮ್ಮೆ ಲೆಕ್ಕಪರಿಶೋಧಕರು ಕೇಳಿದರೆ ವ್ಯವಸ್ಥೆಯಲ್ಲಿ ಉತ್ತರವೇ ಇರುವುದಿಲ್ಲ. ಇಂಥ ಕಡೆ ಒಬ್ಬರಿಗೆ ಹಲವು ನಮೂದು ಹಿಡಿಸುವ ವ್ಯವಸ್ಥೆ ಬೇಕು. ಸಿವಿಸಿಆರ್‌ಎಂನಲ್ಲಿ ಫೀಲ್ಡ್‌ಗಳ ಗುಂಪಿಗೇ ಈ ಅನುಕೂಲವಿದೆ. ವೈಲ್ಡ್ ಆಪ್ರಿಕಾಟ್ ಎಂಬ ಇನ್ನೊಂದು ಸದಸ್ಯತ್ವ ತಂತ್ರಾಂಶದಲ್ಲಿ ಎಲ್ಲ ಸಂಪರ್ಕಗಳಿಗೂ ಅನ್ವಯಿಸುವ ಫೀಲ್ಡ್‌ಗಳು ಬೇರೆ, ಸದಸ್ಯರಿಗೆ ಮಾತ್ರ ಅನ್ವಯಿಸುವವು ಬೇರೆ. ನೀವು ಯಾವುದನ್ನೇ ಬಳಸಿ, ಈ ವಿಂಗಡಣೆಯನ್ನು ಮೊದಲು ಕಾಗದದ ಮೇಲೆ ಮಾಡಿಕೊಳ್ಳಿ.

ಫೀಲ್ಡ್‌ನ ಬಗೆಯನ್ನು (ಪಠ್ಯವೋ, ಸಂಖ್ಯೆಯೋ, ದಿನಾಂಕವೋ ಎಂಬುದನ್ನು) ಅವಸರದಲ್ಲಿ ಆರಿಸಬೇಡಿ, ಆಮೇಲೆ ಬದಲಾಯಿಸುವುದು ಕಷ್ಟ. ಸೇಲ್ಸ್‌ಫೋರ್ಸ್ ಎಂಬ ತಂತ್ರಾಂಶದಲ್ಲಿ ಬಗೆ ಬದಲಿಸಿದರೆ ಕೆಲವು ಸಂದರ್ಭಗಳಲ್ಲಿ ಒಳಗಿನ ಮಾಹಿತಿಯೇ ಹೋಗಬಹುದು. ಮುಂದೆ ಹುಡುಕಲು, ಎಣಿಸಲು ಬೇಕಾಗುವುದೆಲ್ಲ ಡ್ರಾಪ್‌ಡೌನ್ (ಸಿದ್ಧ ಪಟ್ಟಿಯಿಂದ ಆರಿಸುವ ಫೀಲ್ಡ್) ಆಗಿರಲಿ. ಖಾಲಿ ಪಠ್ಯಪೆಟ್ಟಿಗೆ ಕೊಟ್ಟರೆ ‘ವೈದ್ಯ’, ‘ವೈದ್ಯರು’, ‘ಡಾಕ್ಟರ್’ ಎಂದು ಒಂದೇ ವೃತ್ತಿ ಮೂರಾಗಿ ಕೂರುತ್ತದೆ. ಡ್ರಾಪ್‌ಡೌನ್‌ನ ಪ್ರತಿ ಆಯ್ಕೆಗೂ ಸಾಮಾನ್ಯವಾಗಿ ಎರಡು ಮುಖ: ಪರದೆಯ ಮೇಲೆ ಕಾಣುವ ಹೆಸರು, ಒಳಗೆ ಉಳಿಯುವ ಮೌಲ್ಯ. ಹೆಸರನ್ನು ಬೇಕೆಂದಾಗ ತಿದ್ದಬಹುದು. ಮೌಲ್ಯವನ್ನು ಮಾತ್ರ ಮುಟ್ಟಬೇಡಿ, ಹಳೆಯ ದಾಖಲೆಗಳು ನಿಂತಿರುವುದು ಅದರ ಮೇಲೆ. ಫೋನ್ ನಂಬರನ್ನು ಸಂಖ್ಯೆಯ ಫೀಲ್ಡ್‌ನಲ್ಲಿ ಇಡಬೇಡಿ. ಅದು ಕೂಡಿ ಕಳೆಯುವ ಸಂಖ್ಯೆಯಲ್ಲ, ಮೊದಲಿಗಿರುವ ಸೊನ್ನೆಯೂ ಪ್ಲಸ್ ಚಿಹ್ನೆಯೂ ಮಾಯವಾಗುತ್ತವೆ. ಹೌದು-ಅಲ್ಲ ಎಂಬ ಚೆಕ್‌ಬಾಕ್ಸ್‌ನಲ್ಲೂ ಒಂದು ತೊಡಕಿದೆ. ಗುರುತು ಹಾಕದೆ ಬಿಟ್ಟದ್ದು ‘ಅಲ್ಲ’ ಎಂದೋ, ‘ಕೇಳಿಯೇ ಇಲ್ಲ’ ಎಂದೋ? ಇಮೇಲ್ ಕಳಿಸಲು ಒಪ್ಪಿಗೆಯಂಥ ವಿಷಯದಲ್ಲಿ ಈ ಎರಡರ ನಡುವೆ ಅಜಗಜಾಂತರ, ಅಲ್ಲಿ ಮೂರು ಆಯ್ಕೆಯ ಡ್ರಾಪ್‌ಡೌನ್ ಕೊಡುವುದೇ ಮೇಲು.

ಯಾರು ಏನನ್ನು ನೋಡಬಹುದು ಎಂಬುದನ್ನೂ ಈಗಲೇ ತೀರ್ಮಾನಿಸಿ. ಫೀಲ್ಡ್‌ಗಳನ್ನು ಗುಂಪು ಮಾಡುವಾಗ ನಾವು ವಿಷಯವನ್ನಷ್ಟೇ ಯೋಚಿಸುತ್ತೇವೆ. ಆದರೆ ಸಿವಿಸಿಆರ್‌ಎಂನಂಥ ಕಡೆ ನೋಡುವ ಅನುಮತಿಯನ್ನು ಗುಂಪಿಗೆ ಕೊಡಲಾಗುತ್ತದೆ. ಆರೋಗ್ಯದ ವಿವರವನ್ನೂ ಹವ್ಯಾಸವನ್ನೂ ಒಂದೇ ಗುಂಪಿಗೆ ಹಾಕಿದರೆ, ಹವ್ಯಾಸ ನೋಡಬೇಕಾದ ಸ್ವಯಂಸೇವಕರಿಗೆ ಆರೋಗ್ಯದ ವಿವರವೂ ಕಾಣುತ್ತದೆ. ಜನ ನಮ್ಮನ್ನು ನಂಬಿ ಕೊಟ್ಟ ಮಾಹಿತಿ ಅದು. ಬಳಕೆಯಿಲ್ಲದಿದ್ದರೆ ಕೇಳಲೇ ಬೇಡಿ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣಾ ನಿಯಮ ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿ ಪಡೆಯುವುದನ್ನು ಕಾನೂನಾಗಿಯೇ ವಿಧಿಸಿದೆ. ಅರ್ಜಿ ಚಿಕ್ಕದಾದಷ್ಟೂ ಜನ ಅದನ್ನು ಪೂರ್ತಿ ತುಂಬುತ್ತಾರೆ ಎಂಬ ಲಾಭವೂ ಇದೆ. ಅದೇ ಕಾರಣಕ್ಕೆ ಕಡ್ಡಾಯದ ನಕ್ಷತ್ರ ಚಿಹ್ನೆಯನ್ನು ಕೈಬಿಗಿ ಮಾಡಿ ಬಳಸಿ. ಕಡ್ಡಾಯ ಮಾಡಿದಲ್ಲೆಲ್ಲ ಜನ ಒಂದು ಚುಕ್ಕಿ ಒತ್ತಿ ಮುಂದೆ ಹೋಗುತ್ತಾರೆ.

ಬೇಡವಾದ ಫೀಲ್ಡನ್ನು ಅಳಿಸುವ ಬದಲು ನಿಷ್ಕ್ರಿಯಗೊಳಿಸಿ ಅಥವಾ ಅರ್ಜಿಯಿಂದ ಮರೆಮಾಡಿ. ಅಳಿಸಿದರೆ ಸಾಮಾನ್ಯವಾಗಿ ಅದರೊಳಗಿನ ಮಾಹಿತಿಯೂ ಹೋಗುತ್ತದೆ. ಸೇಲ್ಸ್‌ಫೋರ್ಸ್ ಅಳಿಸಿದ್ದನ್ನು ಮರಳಿ ಪಡೆಯಲು 15 ದಿನದ ಅವಕಾಶ ಕೊಡುತ್ತದೆ, ಎಲ್ಲರೂ ಅಷ್ಟು ಉದಾರಿಗಳಲ್ಲ.

ಕೊನೆಯದಾಗಿ ಆಮದು, ಅಂದರೆ ಹಳೆಯ ಪಟ್ಟಿಯನ್ನು ತಂತ್ರಾಂಶಕ್ಕೆ ಏರಿಸುವುದು. ಹೆಸರುಗಳು ಕನ್ನಡದಲ್ಲಿದ್ದರೆ ಎಕ್ಸೆಲ್‌ನಿಂದ ಉಳಿಸುವಾಗ ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಉಳಿಸುವ ವಿಧಾನ) ಎಂದಿರುವ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಕಡತ) ಆಯ್ಕೆಯನ್ನೇ ಒತ್ತಿ, ಇಲ್ಲವಾದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ದಿನಾಂಕಗಳನ್ನು 2024-03-07 ಎಂಬಂತೆ ವರ್ಷ ಮೊದಲಾಗಿ ಬರೆದುಕೊಂಡರೆ ಅದು ಮಾರ್ಚ್ 7ರೋ ಜುಲೈ 3ರೋ ಎಂಬ ಗೊಂದಲವಿರದು. ಎಲ್ಲರನ್ನೂ ಒಟ್ಟಿಗೆ ಏರಿಸುವ ಮೊದಲು ಹತ್ತು ಹದಿನೈದು ಜನರ ದಾಖಲೆ ಹಾಕಿ ನೋಡಿ: ಎರಡು ಬಾರಿ ನವೀಕರಿಸಿದವರು, ಬಿಟ್ಟು ಮತ್ತೆ ಸೇರಿದವರು, ಕುಟುಂಬ ಸದಸ್ಯತ್ವದವರು, ನಿಧನರಾದವರು. ಇವರೆಲ್ಲರ ದಾಖಲೆಯೂ ಸರಿಯಾಗಿ ಕೂತರೆ ಉಳಿದವರನ್ನು ಏರಿಸಿ.