ಪ್ರಕರಣ: ಹೊಟ್ಟೆಯ ಮೇಲಿನ ದದ್ದು, ಅಂಗಾಲಿನ ತುರಿಕೆ

ಮೊದಲ ಬಸಿರು, 34ನೇ ವಾರ. ಒಂಬತ್ತು ದಿನಗಳಿಂದ ಹೊಟ್ಟೆಯ ಮೇಲೆ ದದ್ದು, ರಾತ್ರಿ ನಿದ್ದೆ ಇಲ್ಲ. (ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.) ಆಕೆ ಆಪ್ತಸಲಹೆಗೆ ಬಂದದ್ದು ತುರಿಕೆಗಿಂತ ಹೆಚ್ಚಾಗಿ ಒಂದು ಭಯವನ್ನು ಹೇಳಿಕೊಳ್ಳಲು: "ಏನೇನೋ ಹಚ್ಚಿಬಿಟ್ಟೆ ಮೇಡಂ, ಮಗುವಿಗೆ ಏನಾದರೂ ಆಯ್ತೇನೋ."

ಹಚ್ಚಿದ್ದನ್ನೆಲ್ಲ ಚೀಲದಲ್ಲಿ ತರಲು ಮೊದಲೇ ಹೇಳಿತ್ತು. ಹೊಟ್ಟೆ ಹಿಗ್ಗಿದಾಗ ಚರ್ಮದಲ್ಲಿ ಮೂಡುವ ಬಿರುಕುಗೆರೆ ಬಾರದಿರಲಿ ಎಂದು ಕೊಂಡ ಪರಿಮಳದ ಎಣ್ಣೆ, ಹೊಸ ಸೋಪು, ಮಕ್ಕಳ ಲೋಷನ್, ಸುಗಂಧ ತೈಲಗಳಿದ್ದ "ನೈಸರ್ಗಿಕ" ಮುಲಾಮು, ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಕೊಟ್ಟ ಒಂದು ಟ್ಯೂಬು. ಸಣ್ಣ ಅಕ್ಷರದಲ್ಲಿ ಓದಿದಾಗ ಆ ಟ್ಯೂಬಿನಲ್ಲಿ ಕ್ಲೋಬೆಟಾಸೋಲ್ ಇತ್ತು. ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ಪ್ರಬಲವಾದದ್ದು, ಜೊತೆಗೆ ಬೇಡವಾಗಿದ್ದ ಶಿಲೀಂಧ್ರದ ಔಷಧ ಮತ್ತು ಆ್ಯಂಟಿಬಯೋಟಿಕ್. ಐದು ದಿನ, ಒಟ್ಟು ಐದಾರು ಗ್ರಾಂ ಬಳಸಿದ್ದರು. ಪ್ರಬಲ ಸ್ಟೀರಾಯ್ಡ್ ಇಡೀ ಬಸಿರಿನಲ್ಲಿ 300 ಗ್ರಾಂ ದಾಟಿದಾಗ ಮಗುವಿನ ತೂಕ ಕಡಿಮೆಯಾಗುವ ಸಂಬಂಧ ಕಂಡುಬಂದಿದೆ. ಐದಾರು ಗ್ರಾಂ ಅದರ ಹತ್ತಿರಕ್ಕೂ ಬರುವುದಿಲ್ಲ. ಅಂಕಿಯನ್ನು ಎದುರಿಗಿಟ್ಟ ಮೇಲೆಯೇ ಆಕೆಯ ಭುಜ ಸಡಿಲವಾದದ್ದು. "ಹೆದರಬೇಡಿ" ಎಂಬ ಬರಿಯ ಮಾತು ಇಂಥಲ್ಲಿ ಕೆಲಸ ಮಾಡುವುದಿಲ್ಲ.

ನಂತರ ಮೂರು ಪ್ರಶ್ನೆ. ಶುರುವಾದದ್ದು ಎಲ್ಲಿ? ನೀರುಗುಳ್ಳೆ ಎದ್ದಿದೆಯೇ? ಅಂಗೈ, ಅಂಗಾಲು ತುರಿಸುತ್ತವೆಯೇ?

ಆಕೆಯ ದದ್ದು ಹೊಟ್ಟೆಯ ಬಿರುಕುಗೆರೆಗಳ ಒಳಗೇ ಎದ್ದು ತೊಡೆಗೆ ಇಳಿದಿತ್ತು. ಹೊಕ್ಕುಳಿನ ಸುತ್ತ ಮಾತ್ರ ಚರ್ಮ ಶುಭ್ರ. ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಕಂದು-ನೇರಳೆಯಂತೆ ತೋರುತ್ತದೆ, ಹಾಗಾಗಿ ಬೆರಳಿನಿಂದ ಸವರಿ ಉಬ್ಬನ್ನು ನೋಡಿಕೊಳ್ಳಬೇಕು. ಮೊದಲ ಬಸಿರು, ಕೊನೆಯ ತಿಂಗಳುಗಳು, ಬಿರುಕುಗೆರೆ, ಹೊಕ್ಕುಳು ಬಿಟ್ಟ ದದ್ದು: ಬಸಿರಿನ ಬಹುರೂಪಿ ದದ್ದಿನ ಚಿತ್ರ ಇದೇ. ಅವಳಿ ಮಕ್ಕಳಿದ್ದಾಗ ಇನ್ನೂ ಹೆಚ್ಚು. ಮಗುವಿಗೆ ಇದರಿಂದ ಅಪಾಯವಿಲ್ಲ. ದದ್ದು ಹೊಕ್ಕುಳಿನಿಂದಲೇ ಶುರುವಾಗಿ ಬಿಗಿಯಾದ ನೀರುಗುಳ್ಳೆಗಳಾದರೆ ಅದು ಬೇರೆ ಕಾಯಿಲೆ. ಚರ್ಮದ ಚೂರು ತೆಗೆದು ಪರೀಕ್ಷಿಸಬೇಕು, ಮಗುವಿನ ಬೆಳವಣಿಗೆಯ ಮೇಲೂ ಕಣ್ಣಿಡಬೇಕು. ಬಸಿರಿನ ಮೊದಲ ಆರು ತಿಂಗಳೊಳಗೆ ಮೊಣಕೈ, ಮೊಣಕಾಲಿನ ಮಡಿಕೆ, ಕತ್ತಿನಲ್ಲಿ ಬರುವುದು ಹೆಚ್ಚಾಗಿ ಎಸ್ಜಿಮಾ ಸ್ವಭಾವದ ಚರ್ಮ.

ಅಂಗೈ ಅಂಗಾಲಿನ ಪ್ರಶ್ನೆಗೆ ಆಕೆ "ಇಲ್ಲ" ಎಂದರು. ಅದನ್ನು ದಿನಾಂಕ ಹಾಕಿ ಬರೆದುಕೊಂಡೆವು. ದದ್ದನ್ನು ಖಚಿತಪಡಿಸಿ ಔಷಧ ಬರೆಯುವುದು ಚರ್ಮವೈದ್ಯರ ಕೆಲಸ, ಆದ್ದರಿಂದ ಅದೇ ದಿನ ಅವರಲ್ಲಿಗೆ ಕಳಿಸಿದೆವು. ಅವರು ಕೊಟ್ಟದ್ದು ಮಧ್ಯಮ ಬಲದ ಸ್ಟೀರಾಯ್ಡ್ ಮುಲಾಮು, ದಿನಕ್ಕೊಮ್ಮೆ, ಒಂದು ವಾರ, ರಾತ್ರಿಗೆ ತುರಿಕೆ ತಗ್ಗಿಸುವ ಸೆಟಿರಿಜಿನ್ ಮಾತ್ರೆ. ಉಳಿದದ್ದನ್ನು ಆಕೆಯೊಡನೆ ಕುಳಿತು ಹೀಗೆ ಹೊಂದಿಸಿದೆವು.

ಚೀಲದಲ್ಲಿದ್ದ ಎಲ್ಲವೂ ಪಕ್ಕಕ್ಕೆ. ಐದು ವಸ್ತು ಒಟ್ಟಿಗೆ ಬಳಸಿದರೆ ಯಾವುದು ಕೆರಳಿಸುತ್ತಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಬದಲಿಗೆ ಒಂದೇ ಮಾಯಿಶ್ಚರೈಸರ್, ಲೋಷನ್‌ಗಿಂತ ಗಟ್ಟಿಯಾದದ್ದು: ಪರಿಮಳವಿಲ್ಲದ ಕ್ರೀಮ್ ಅಥವಾ ಪೆಟ್ರೋಲಿಯಂ ಜೆಲ್ಲಿ. ಲೇಬಲ್ಲಿನಲ್ಲಿ ಒಂದು ಮೋಸವಿದೆ. ವಾಸನೆ ಬಾರದ ವಸ್ತುವಿನಲ್ಲೂ ಮೂಲ ವಾಸನೆ ಮುಚ್ಚಲು ಸುಗಂಧದ್ರವ್ಯ ಸೇರಿರಬಹುದು, ಹಾಗಾಗಿ ಮೂಗನ್ನು ನಂಬದೆ ಪದಾರ್ಥಗಳ ಪಟ್ಟಿ ಓದಬೇಕು. ಹೊಸದನ್ನು ಮೈಗೆಲ್ಲ ಹಚ್ಚುವ ಮೊದಲು ಮೊಣಕೈ ಒಳಬದಿಯಲ್ಲಿ ನಾಣ್ಯದಗಲ ಜಾಗಕ್ಕೆ ದಿನಕ್ಕೆರಡು ಸಲ, ಏಳು ದಿನ ಹಚ್ಚಿ ನೋಡುವುದು. ಆಕೆಗೆ ಅಷ್ಟು ಕಾಯುವ ತಾಳ್ಮೆ ಉಳಿದಿರಲಿಲ್ಲ, ಮೊದಲಿನಿಂದ ಒಗ್ಗಿದ್ದ ಪೆಟ್ರೋಲಿಯಂ ಜೆಲ್ಲಿಯನ್ನೇ ಆರಿಸಿಕೊಂಡರು. ಜೆಲ್ಲಿ ನೆನೆದ ಬಟ್ಟೆ ಬೇಗ ಹೊತ್ತಿಕೊಳ್ಳುತ್ತದೆ, ಒಲೆಯ ಹತ್ತಿರ ಎಚ್ಚರ.

ಸ್ನಾನದ ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಸುಡುನೀರು ಬಿದ್ದರೆ ತುರಿಕೆ ನಿಲ್ಲುತ್ತದೆ ಎಂದು ಆಕೆ ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಿದ್ದರು. ನಿಲ್ಲುವುದು ನಿಜ, ಕೆಲ ನಿಮಿಷ ಮಾತ್ರ. ಬಿಸಿನೀರು ಚರ್ಮದ ಜಿಡ್ಡನ್ನು ತೊಳೆದು ಒಣಗಿಸುತ್ತದೆ, ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಆಮೇಲೆ ತುರಿಕೆ ಹೆಚ್ಚಾಗಿ ಮರಳುತ್ತದೆ. ಉಗುರುಬೆಚ್ಚಗಿನ ನೀರು, ದಿನಕ್ಕೊಮ್ಮೆ, 5ರಿಂದ 10 ನಿಮಿಷ; ಸೋಪು ಕಂಕುಳು, ತೊಡೆಸಂದು, ಪಾದಕ್ಕಷ್ಟೇ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ತುಸು ತೇವವಿರುವಾಗಲೇ, ಅಂದರೆ ಮೂರು ನಿಮಿಷದೊಳಗೆ, ಜೆಲ್ಲಿ. ಸ್ಟೀರಾಯ್ಡ್‌ಗೂ ಜೆಲ್ಲಿಗೂ ನಡುವೆ ಅರ್ಧ ಗಂಟೆ ಬಿಡಬೇಕು, ಇಲ್ಲವಾದರೆ ಒಂದು ಇನ್ನೊಂದನ್ನು ತೆಳುವಾಗಿಸಿ ಬೇಡದ ಜಾಗಕ್ಕೂ ಹರಡುತ್ತದೆ.

ಸ್ಟೀರಾಯ್ಡ್ ಎಷ್ಟು? ಟ್ಯೂಬಿನಿಂದ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ಎರಡು ಅಂಗೈಯಗಲ ಚರ್ಮಕ್ಕೆ ಸಾಕು. ಆಕೆಯ ದದ್ದು ಎಂಟು ಅಂಗೈಯಗಲವಿತ್ತು, ಅಂದರೆ ನಾಲ್ಕು ಅಳತೆ, ದಿನಕ್ಕೆ 2 ಗ್ರಾಂ, ವಾರಕ್ಕೆ 15 ಗ್ರಾಂನ ಒಂದು ಟ್ಯೂಬು. ಭಯದಿಂದ ಚುಕ್ಕೆಚುಕ್ಕೆಯಾಗಿ ಹಚ್ಚುವವರೇ ಹೆಚ್ಚು. ಆಗ ಗುಣವಾಗದೆ ವಾರಗಟ್ಟಲೆ ಎಳೆದು ಕೊನೆಗೆ ಹೆಚ್ಚೇ ಬಳಸಿರುತ್ತಾರೆ.

ರಾತ್ರಿ ಎದ್ದಾಗ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆ ಹತ್ತು ನಿಮಿಷ, ಉಗುರು ಗಿಡ್ಡ, ಕೆರೆಯುವ ಬದಲು ಅಂಗೈಯಿಂದ ಒತ್ತುವುದು. ಕ್ಯಾಲಮೈನ್ ಹಚ್ಚಬಹುದು, ಆದರೆ ಒಣಗಿಸುತ್ತದೆ, ಮೇಲೆ ಜೆಲ್ಲಿ ಬೇಕು. ಮುಖದ ಮೊಡವೆಗೆಂದು ಮನೆಯಲ್ಲಿದ್ದ ರೆಟಿನಾಯ್ಡ್ ಕ್ರೀಮ್ ಮುಟ್ಟಬಾರದೆಂದೂ ಹೇಳಿದೆವು.

ಹೊರಡುವಾಗ ಒಂದು ಚೀಟಿ ಕೊಟ್ಟೆವು: ಅಂಗೈ ಅಂಗಾಲು ತುರಿಸಿದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಮಲ ಬಿಳಿಚಿದರೆ, ಕಣ್ಣು ಹಳದಿಯಾದರೆ ಅದೇ ದಿನ ಪ್ರಸೂತಿ ವೈದ್ಯರಿಗೆ, ಮಗುವಿನ ಚಲನೆ ಕಡಿಮೆಯಾದರೆ, ಜ್ವರದೊಡನೆ ಹೊಸ ಗುಳ್ಳೆ ಎದ್ದರೆ ಕೂಡಲೇ.

ಎಂಟನೇ ದಿನ ಫೋನು ಬಂತು. ದದ್ದು ಅರ್ಧಕ್ಕಿಳಿದಿತ್ತು, ಧ್ವನಿಯಲ್ಲಿ ಗೆಲುವಿತ್ತು. ಫೋನಿಡುವ ಹೊತ್ತಿಗೆ, ಕೇಳಿದ್ದಕ್ಕೆ, "ಅಂಗಾಲು ರಾತ್ರಿ ಹೊತ್ತು ಸ್ವಲ್ಪ... ಅಲ್ಲಿ ಏನೂ ಕಾಣಿಸಲ್ಲ ಮೇಡಂ, ಒಣಗಿರಬೇಕು ಅಂತ ಜೆಲ್ಲಿ ಹಚ್ಚಿದೆ" ಎಂದರು. ಏನೂ ಕಾಣದಿರುವುದೇ ಇಲ್ಲಿ ಸುಳಿವು. ಲಿವರಿನಲ್ಲಿ ಪಿತ್ತದ ಹರಿವು ನಿಧಾನವಾಗಿ ಪಿತ್ತಾಮ್ಲ ರಕ್ತದಲ್ಲಿ ಏರಿದಾಗ ಚರ್ಮದ ಮೇಲೆ ಗುಳ್ಳೆ ಏಳುವುದಿಲ್ಲ, ತುರಿಕೆ ಮಾತ್ರ. ದದ್ದಿರುವವರಿಗೆ ಇದು ಬರುವುದಿಲ್ಲವೆಂದೇನಿಲ್ಲ. ದದ್ದಿನ ಗದ್ದಲದಲ್ಲಿ ಇದು ಕೇಳಿಸದೆ ಹೋಗುತ್ತದೆ, ಅಷ್ಟೆ.

ಅಂದೇ ರಕ್ತ ಪರೀಕ್ಷೆ. ಪಿತ್ತಾಮ್ಲ ಲೀಟರಿಗೆ 12 ಮೈಕ್ರೋಮೋಲ್, ಲಿವರ್ ಪರೀಕ್ಷೆಯೂ ಸರಿ. ಮನೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ರಕ್ತದಲ್ಲಿ ಏರಿಕೆ ಕಾಣುವ ಮೊದಲೇ ತುರಿಕೆ ಶುರುವಾಗಬಹುದು, ಆದ್ದರಿಂದ ತುರಿಕೆ ನಿಲ್ಲದಿದ್ದರೆ ವಾರ ಬಿಟ್ಟು ಮತ್ತೆ ನೋಡಬೇಕು. ಮತ್ತೆ ಚುಚ್ಚಿಸಿಕೊಳ್ಳಲು ಆಕೆಗೆ ಮನಸ್ಸಿರಲಿಲ್ಲ, ಆ ಒಂದು ಮಾತಿಗೆ ಒಪ್ಪಿಸಲು ಅರ್ಧ ಗಂಟೆ ಬೇಕಾಯಿತು. 36ನೇ ವಾರದಲ್ಲಿ ಪಿತ್ತಾಮ್ಲ 31 ಬಂತು. 19ರಿಂದ 39ರವರೆಗೆ ಸೌಮ್ಯ. 100 ಮುಟ್ಟಿದಾಗ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಏರುತ್ತದೆ, ಹೆರಿಗೆ 35-36 ವಾರಕ್ಕೇ ಆಗಬೇಕಾಗುತ್ತದೆ. ಆಕೆಯದು ಸೌಮ್ಯ, ಹಾಗಾಗಿ ವಾರವಾರ ಪರೀಕ್ಷೆ, 40 ವಾರದೊಳಗೆ ಹೆರಿಗೆ ಎಂಬ ತೀರ್ಮಾನ. ಜೆಲ್ಲಿಯೂ ಸೆಟಿರಿಜಿನ್ನೂ ಇದಕ್ಕೆ ಮದ್ದಲ್ಲ, ಸಮಾಧಾನ ಮಾತ್ರ, ಎಂದು ಮತ್ತೆ ಬಿಡಿಸಿ ಹೇಳಬೇಕಾಯಿತು.

39ನೇ ವಾರ ಹೆರಿಗೆ, ಮಗು ಆರೋಗ್ಯವಾಗಿದೆ. ಅಂಗಾಲಿನ ತುರಿಕೆ ಕೆಲವೇ ದಿನಗಳಲ್ಲಿ ಹೋಯಿತು, ದದ್ದಿನ ಕಲೆ ಇನ್ನೂ ಎರಡು ವಾರ ಉಳಿಯಿತು. ಹೆರಿಗೆಯಾಗಿ ನಾಲ್ಕು ವಾರ ಕಳೆದ ಮೇಲೆ ಲಿವರ್ ಪರೀಕ್ಷೆ ಮಾಡಿಸಿದೆವು, ಸರಿಯಿದೆ. ಬಹುರೂಪಿ ದದ್ದು ಮುಂದಿನ ಬಸಿರಿನಲ್ಲಿ ಮರಳುವುದು ಅಪರೂಪ, ಪಿತ್ತದ ತೊಂದರೆ ಮಾತ್ರ ಮರಳುವುದು ಸಾಮಾನ್ಯ. ಆಕೆಯ ಕಡತದ ಮೊದಲ ಪುಟದಲ್ಲಿ ಅದನ್ನು ಬರೆಸಿದ್ದೇವೆ. ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆ ಶುರುಮಾಡುವ ಮೊದಲೂ ಆ ಪುಟವನ್ನು ವೈದ್ಯರಿಗೆ ತೋರಿಸಬೇಕು.