'ಜಿಂಗಲ್ ಬೆಲ್ಸ್' ಕ್ರಿಸ್‌ಮಸ್ ಹಾಡೇ ಅಲ್ಲ ಅಂತಾರೆ, ನಿಜಾನಾ?

ನಿಜ. ಪೂರ್ತಿ ಕೇಳಿ ನೋಡಿ, ಯೇಸುವಿನ ಹೆಸರೂ ಇಲ್ಲ, ಕ್ರಿಸ್‌ಮಸ್ ಅನ್ನೋ ಪದವೂ ಇಲ್ಲ. ಇರೋದು ಹಿಮದ ಮೇಲೆ ಕುದುರೆ ಎಳೆಯುವ ಜಾರುಬಂಡಿ, ಅದರ ಗೆಜ್ಜೆ ಸದ್ದು, ಹುಡುಗ ಹುಡುಗಿಯ ಸವಾರಿ. ಬರೆದವರು ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್. 1857ರಲ್ಲಿ ಬೇರೆ ಹೆಸರಿನಲ್ಲಿ ಅಚ್ಚಾಯಿತು, ಈಗಿನ ಹೆಸರು ಬಂದಿದ್ದು 1859ರಲ್ಲಿ. ಚಳಿಗಾಲದ ಹಾಡು ಅಲ್ವಾ, ನಿಧಾನಕ್ಕೆ ಹಬ್ಬಕ್ಕೆ ಅಂಟಿಕೊಂಡಿತು.

ನನಗೆ ಇನ್ನೂ ಇಷ್ಟವಾದ ಸಂಗತಿ ಬೇರೆ. 1965ರ ಡಿಸೆಂಬರ್ 16ರಂದು ಅಮೆರಿಕದ ಜೆಮಿನಿ 6 ಬಾಹ್ಯಾಕಾಶ ನೌಕೆಯಲ್ಲಿದ್ದ ಗಗನಯಾತ್ರಿಗಳಾದ ವಾಲಿ ಶಿರಾ, ಟಾಮ್ ಸ್ಟಾಫರ್ಡ್ ಇಬ್ಬರೂ 'ಇಲ್ಲೇನೋ ಹಾರಾಡ್ತಿದೆ' ಅಂತ ಭೂಮಿಗೆ ಸುದ್ದಿ ಕಳಿಸಿದರು. ಕೆಳಗಿದ್ದವರು ಗಾಬರಿಯಿಂದ ಕಿವಿಗೊಟ್ಟರೆ ಕೇಳಿಸಿದ್ದು ಪುಟ್ಟ ಮೌತ್ ಆರ್ಗನ್ ಮತ್ತು ಗೆಜ್ಜೆಯಲ್ಲಿ ಇದೇ ಹಾಡು! ಬಾಹ್ಯಾಕಾಶದಲ್ಲಿ ನುಡಿಸಿದ ಮೊದಲ ವಾದ್ಯಗಳು ಅವೇ.

ಹಾಗಂತ ಹಬ್ಬದಲ್ಲಿ ಹಾಡಬಾರದು ಅಂತೇನಿಲ್ಲ. ನಮ್ಮ ಕೆಜಿಎಫ್‌ನಲ್ಲಿ ಡಿಸೆಂಬರ್ ರಾತ್ರಿ ಕ್ಯಾರಲ್ ತಂಡ ಗಿಟಾರ್ ಹಿಡಿದು ಬಾಗಿಲಿಗೆ ಬಂದರೆ ಮಕ್ಕಳು ಕೇಳೋದು ಇದನ್ನೇ. ಯೇಸು ಹುಟ್ಟಿದ ರಾತ್ರಿಯ ಹಾಡೇ ಬೇಕು ಅಂದ್ರೆ 'ಸೈಲೆಂಟ್ ನೈಟ್' ಕೇಳಿ. 1818ರ ಕ್ರಿಸ್‌ಮಸ್ ಹಿಂದಿನ ದಿನ, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಊರಿನ ಚರ್ಚಿನಲ್ಲಿ ಅದನ್ನು ಮೊದಲು ಹಾಡಿದ್ದೂ ಗಿಟಾರ್ ಜೊತೆಗೇ.