ಒಂದೂಮುಕ್ಕಾಲು ಕೋಟಿ ಅಳತೆ, ಒಂದೇ ಪರದೆ

ಪ್ರಶ್ನೆ: ನಮ್ಮದು ನಾಲ್ಕು ಜನರ ತಂಡ. 500 ಮಳೆಮಾಪಕಗಳ ಒಂದು ವರ್ಷದ ಅಳತೆ ನಮ್ಮ ಹತ್ತಿರ ಇದೆ, 15 ನಿಮಿಷಕ್ಕೊಂದರಂತೆ. ಕೋಡ್ ಬರೆಯಲು ಬಾರದವರೂ ಮೌಸ್ ಹಿಡಿದು ನಕ್ಷೆ, ಗ್ರಾಫ್ ಮಾಡಿಕೊಳ್ಳುವಂಥ ಟೂಲ್ ಕಟ್ಟುತ್ತಿದ್ದೇವೆ. ಎಲ್ಲ ಅಳತೆಯನ್ನೂ ತೋರಿಸಲು ಹೋದರೆ ಬ್ರೌಸರ್ ನಿಂತುಬಿಡುತ್ತದೆ. ದೊಡ್ಡ ಕಂಪ್ಯೂಟರ್ ತರಬೇಕೇ ಮೇಡಂ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬೇಡ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 500 ಮಾಪಕ, ದಿನಕ್ಕೆ 96 ಅಳತೆ, ವರ್ಷಕ್ಕೆ ಸುಮಾರು 1 ಕೋಟಿ 75 ಲಕ್ಷ. ಫುಲ್ ಎಚ್‌ಡಿ ಪರದೆಯಲ್ಲಿ ಇರುವ ಪಿಕ್ಸೆಲ್‌ಗಳೇ ಸುಮಾರು 20 ಲಕ್ಷ. ಎಷ್ಟು ದೊಡ್ಡ ಕಂಪ್ಯೂಟರ್ ತಂದರೂ ಚುಕ್ಕೆಯ ಮೇಲೆ ಚುಕ್ಕೆ ಬಿದ್ದು ಬರೀ ಮಸಿ ಕಾಣಿಸುತ್ತದೆ, ಅಲ್ವಾ?

ಅದಕ್ಕೇ ಮೊದಲೇ ಕೂಡಿಸಿಡಿ. 15 ನಿಮಿಷದ್ದರಿಂದ ಗಂಟೆಯದು, ಅದರಿಂದ ದಿನದ್ದು, ಆಮೇಲೆ ತಿಂಗಳದ್ದು. ಇಡೀ ವರ್ಷ ನೋಡುವವರಿಗೆ ದಿನದ ಲೆಕ್ಕ ಸಾಕು. ಒಂದು ಸಂಜೆಯನ್ನು ಹಿಗ್ಗಿಸಿ ನೋಡುವಾಗ ಮಾತ್ರ ಮೂಲ ಅಳತೆ ತನ್ನಿ. ಮೊದಲು ಒಟ್ಟು ನೋಟ, ಆಮೇಲೆ ಹತ್ತಿರ ಹೋಗಿ ಸೋಸುವುದು, ಕೇಳಿದಾಗ ವಿವರ ಎಂದು ಕಂಪ್ಯೂಟರ್ ವಿಜ್ಞಾನಿ ಬೆನ್ ಶ್ನೈಡರ್‌ಮನ್ 1996ರಲ್ಲೇ ಹೇಳಿದ್ದರು. ನನ್ನ ಕೆಲಸಕ್ಕೆ ಈಗಲೂ ಅದೇ ಆಧಾರ.

ಆದರೆ ಮಳೆಯ ವಿಷಯದಲ್ಲಿ ಮೊತ್ತವೊಂದನ್ನೇ ನಂಬಬೇಡಿ. 48 ಮಿಲಿಮೀಟರ್ ಮಳೆ ಇಡೀ ದಿನ ಜಿಟಿಜಿಟಿ ಎಂದು ಬಂದರೆ ಹೊಲಕ್ಕೆ ಇಳಿಯುತ್ತದೆ. ಒಂದೇ ಗಂಟೆಯಲ್ಲಿ ಸುರಿದರೆ ಬದು ಒಡೆಯುತ್ತದೆ. ದಿನದ ಮೊತ್ತದಲ್ಲಿ ಎರಡೂ ಒಂದೇ! ಹಾಗಾಗಿ ಪ್ರತಿ ಹಂತದಲ್ಲೂ ಮೂರು ಸಂಖ್ಯೆ ಇಡಿ. ಒಟ್ಟು ಮಳೆ, 15 ನಿಮಿಷದಲ್ಲಿ ಬಿದ್ದ ಅತಿ ಜಾಸ್ತಿ ಮಳೆ, ಮತ್ತು ಎಷ್ಟು ಅಳತೆ ಬಂದಿವೆ ಎಂಬುದು.

ಮೂರನೆಯದನ್ನು ನಾನು ಕಲಿತದ್ದು ತಪ್ಪು ಮಾಡಿ. ಹಿಂದೆ ಇಂಥದ್ದೇ ನಕ್ಷೆಯೊಂದರಲ್ಲಿ ಅಳತೆ ಬಾರದ ಕಡೆ ಸೊನ್ನೆ ತುಂಬಿದ್ದೆ. ಒಂದು ತಾಲ್ಲೂಕಿನ ಅರ್ಧ ಭಾಗ ಒಣಗಿದಂತೆ ಕಾಣಿಸಿತು. ಅಲ್ಲಿನ ರೈತರೊಬ್ಬರು ನೋಡಿ, "ಆ ವಾರ ನಮ್ಮ ಹಳ್ಳ ತುಂಬಿ ಹರಿದಿತ್ತಲ್ರೀ" ಅಂದರು. ಮಾಪಕಗಳ ಬ್ಯಾಟರಿ ಹೋಗಿತ್ತು. ಆ ನಕ್ಷೆ ನೋಡಿ ಯಾರಾದರೂ ತೀರ್ಮಾನ ತೆಗೆದುಕೊಂಡಿದ್ದರೆ ಎಂದು ಇವತ್ತಿಗೂ ಕಸಿವಿಸಿಯಾಗುತ್ತದೆ. ಮಳೆ ಬಾರದ್ದಕ್ಕೆ ಒಂದು ಬಣ್ಣ, ಅಳತೆಯೇ ಬಾರದ್ದಕ್ಕೆ ಓರೆಗೆರೆಯ ಬೂದು. ಇದನ್ನು ಬಳಸುವವರ ಆಯ್ಕೆಗೆ ಬಿಡಬೇಡಿ, ಟೂಲ್‌ನಲ್ಲೇ ಕಟ್ಟಿಬಿಡಿ.

ಬ್ರೌಸರ್ ಒಳಗೆ ಚಿತ್ರ ಬಿಡಿಸುವ ಕೆಲಸಕ್ಕೆ, ಪ್ರತಿ ಚುಕ್ಕೆಯನ್ನೂ ಬೇರೆ ಬೇರೆಯಾಗಿ ನೆನಪಿಡುವ ಎಸ್‌ವಿಜಿ ಬಿಟ್ಟು, ಎಲ್ಲವನ್ನೂ ಒಂದೇ ಚಿತ್ರವಾಗಿ ಬಿಡಿಸುವ ಕ್ಯಾನ್ವಾಸ್ ಅಥವಾ ವೆಬ್‌ಜಿಎಲ್ ಬಳಸಿ. ದಿನಾಂಕದ ಸ್ಲೈಡರ್ ಎಳೆಯುತ್ತಿರುವಾಗಲೇ ನಕ್ಷೆ ಬದಲಾಗಬೇಕು, ಬಿಟ್ಟ ಮೇಲಲ್ಲ. ಅರ್ಧ ಸೆಕೆಂಡ್ ತಡ ಸೇರಿಸಿದರೂ ಜನ ಡೇಟಾವನ್ನು ಕೆದಕಿ ನೋಡುವುದು ಕಡಿಮೆಯಾಗುತ್ತದೆ ಎಂದು ಸಂಶೋಧಕರಾದ ಲಿಯು ಮತ್ತು ಹೀರ್ 2014ರಲ್ಲಿ ತೋರಿಸಿದ್ದಾರೆ.

ಸದ್ಯಕ್ಕೆ ಜುಲೈ ತಿಂಗಳೊಂದನ್ನೇ ಹಾಕಿ, ಕೋಡ್ ಗೊತ್ತಿಲ್ಲದ ಇಬ್ಬರ ಕೈಗೆ ಮೌಸ್ ಕೊಡಿ. ನೀವು ಪಕ್ಕದಲ್ಲಿ ಸುಮ್ನೆ ಕೂತು ನೋಡಿ, ಎಲ್ಲಿ ತಡವರಿಸುತ್ತಾರೆ ಎಂದು ಬರೆದುಕೊಳ್ಳಿ. ಆ ಪಟ್ಟಿಯನ್ನು ನನಗೂ ಕಳಿಸಿ.